ಸಿಗಡಿಯ ಅಡಿಗೆಯೂ ತಾಯಿಯ ಪಾಲೂ

ಬಾಲಿಕೆಯರು ಶಾಲೆಯಲ್ಲಿ ಕಲಿತ ವಿದ್ಯೆಯ ಫಲವು ಅಡಿಗೆಮನೆಯಲ್ಲಿಯೂ ಕಾಣತಕ್ಕದ್ದೆಂಬುದು ನಮ್ಮ ಮತ. ಆದುದರಿಂದ ಕರಾವಳಿಯ ಮನೆಗಳಿಗೆ ಚಿರಪರಿಚಿತವಾದ ಸಿಗಡಿ ಸುಕ್ಕದ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಎರಡು ಮಾತು ಬಿನ್ನವಿಸುವೆವು.

ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವುಂಟೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ಅನ್ನವನ್ನು ಕಡಿಮೆ ಮಾಡಿರೆಂದು ವೈದ್ಯರು ಹೇಳಿದೊಡನೆ ಊಟದ ರುಚಿಯೇ ಹೋಯಿತೆಂದು ಅನೇಕರು ಮರುಗುವರು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುವುದು. ಅಷ್ಟೇ ತೂಕದ ಸಿಗಡಿಯಲ್ಲಿ ಪಿಷ್ಟವು ಅತ್ಯಲ್ಪ. ಸಸಾರಜನಕವೋ ಸುಮಾರು 20 ಗ್ರಾಂ. ಹೀಗಿರಲು ಖಾರವನ್ನಾಗಲಿ ರುಚಿಯನ್ನಾಗಲಿ ತೊರೆಯಬೇಕಾದ ಕಾರಣವಿಲ್ಲ.

ಸಿಗಡಿಯ ಸಿಪ್ಪೆಯನ್ನೂ ಬೆನ್ನಿನ ಕಪ್ಪು ನರವನ್ನೂ ತೆಗೆದು, ಉಪ್ಪು ಅರಸಿನ ಸವರಿಡಬೇಕು. ಬ್ಯಾಡಗಿ ಮೆಣಸು ಬಣ್ಣವನ್ನು ಹೆಚ್ಚಾಗಿಯೂ ಖಾರವನ್ನು ಹಿತವಾಗಿಯೂ ಕೊಡುವುದು. ಹೆಚ್ಚು ಖಾರ ಬೇಕಾದವರು ಕಾಳುಮೆಣಸನ್ನು ಸೇರಿಸಬಹುದು. ಇವನ್ನು ಕೊತ್ತಂಬರಿ, ಜೀರಿಗೆಗಳೊಡನೆ ಹುರಿದು, ಬೆಳ್ಳುಳ್ಳಿ, ಹುಣಿಸೆಹುಳಿ ಕೂಡಿಸಿ ಅರೆಯಬೇಕು. ನೀರುಳ್ಳಿಯ ಒಗ್ಗರಣೆಯಲ್ಲಿ ಮಸಾಲೆಯನ್ನು ಮೊದಲು ಚೆನ್ನಾಗಿ ಬೇಯಿಸಿ, ಸಿಗಡಿಯನ್ನು ಕಡೆಗೆ ಹಾಕತಕ್ಕದ್ದು. ಅದು ಸುರುಟಿ ಕೆಂಪೇರಿ, ಒಳಗೂ ಬೆಳ್ಳಗಾದೊಡನೆ ಒಂದು ಹಿಡಿ ತೆಂಗಿನ ತುರಿ ಬೆರಸಿ ಇಳಿಸಬೇಕು, ತಡವಾದರೆ ರಬ್ಬರಿನಂತಾಗುವುದು. ರವೆಯಲ್ಲಿ ಹೊರಳಿಸಿ ಕರಿದರೆ ಬಿಟ್ಟ ಪಿಷ್ಟವೇ ಹಿಂದಿರುಗಿ ಬರುವುದು.

ಆದರೆ ಪಾತ್ರೆಯೊಳಗಿನ ಪಾಕಕ್ಕಿಂತ ಬಡಿಸುವ ಕ್ರಮವೇ ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡಿದೆ. ಎಷ್ಟೋ ಮನೆಗಳಲ್ಲಿ ಸಿಗಡಿಯೆಲ್ಲ ಗಂಡಸರ ಮತ್ತು ಮಕ್ಕಳ ಬಟ್ಟಲಿಗೆ ಸಲ್ಲುವುದು. ಬೇಯಿಸಿದ ತಾಯಿಗೆ ಉಳಿಯುವುದು ಪಾತ್ರೆಗಂಟಿದ ಮಸಾಲೆ, ಅದರೊಡನೆ ಅನ್ನದ ರಾಶಿ. ಪಿಷ್ಟವು ಅವಳ ಪಾಲಿಗೆ, ಪುಷ್ಟಿಯು ಇತರರ ಪಾಲಿಗೆ ಎಂಬ ಈ ಹಂಚಿಕೆಯನ್ನು ತ್ಯಾಗವೆಂದು ಹೊಗಳುವುದು ನಮಗೆ ಸಮ್ಮತವಲ್ಲ. ಮನೆಯ ಊಟದಲ್ಲಿ ಅನ್ನವು ಕಡಿಮೆಯಾಗುವುದಾದರೆ ಗೃಹಿಣಿಯ ಬಟ್ಟಲಲ್ಲಿಯೂ ಕಡಿಮೆಯಾಗಲಿ. ಆ ಸ್ಥಳದಲ್ಲಿ ಸಿಗಡಿಯ ಸಮಪಾಲೂ ಬಸಳೆಯ ಅಥವಾ ತೊಂಡೆಕಾಯಿಯ ಪಲ್ಯವೂ ಬರಲಿ.

ಒಂದು ಎಚ್ಚರಿಕೆ: ಮಧುಮೇಹಕ್ಕೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನವನ್ನು ಥಟ್ಟನೆ ಇಳಿಸಕೂಡದು; ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಸಿಗಡಿ ಮೈಗೊಗ್ಗದವರು ಅದನ್ನು ಮುಟ್ಟಲೇಬಾರದು.

ಪೋಷಕರೇ, ನಿಮ್ಮ ಹೆಣ್ಣುಮಕ್ಕಳು ಬಡಿಸುವುದನ್ನು ತಾಯಂದಿರನ್ನು ನೋಡಿಯೇ ಕಲಿಯುವರು. ಸೌಟು ಹಿಡಿದವಳು ತನ್ನ ಪಾಲನ್ನೂ ಎಣಿಸಿ ಬಡಿಸುವುದನ್ನು ಅವರು ನಿಮ್ಮ ಮನೆಯಲ್ಲಿಯೇ ಕಾಣಲೆಂದು ಹಾರೈಸುವೆವು.