ಗಡ್ಡೆಯನ್ನು ಹೊತ್ತ ಮೈ

ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಬಂಧುಗಳು ಮೊದಲು ಕೇಳುವುದು ‘ಎಷ್ಟನೇ ಸ್ಟೇಜು?’ ಎಂದು. ಇದಕ್ಕೆ ಉತ್ತರ ಹೇಳುವ ಕ್ರಮಕ್ಕೆ ತೊಂಬತ್ತು ವರ್ಷ ದಾಟಿದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಗಡ್ಡೆಗಳನ್ನು ಮೂರು ವರ್ಗ ಮಾಡಿದರು. ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ದುಗ್ಧಗ್ರಂಥಿಗಳನ್ನು ಮುಟ್ಟಿದ್ದರೆ ಸಿ. ಈಗಿನ ನಾಲ್ಕು ಸ್ಟೇಜುಗಳ ಲೆಕ್ಕವೂ ಮೂಲದಲ್ಲಿ ಅದೇ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿಗೆ ಹರಡಿದೆ ಎಂಬುದೇ ಮುಖ್ಯ. ಆದರೂ ಒಂದೇ ಸ್ಟೇಜು, ಒಂದೇ ಆಪರೇಷನ್, ಒಂದೇ ಕೀಮೊ ಆದ ಇಬ್ಬರಲ್ಲಿ ಒಬ್ಬರು ಹತ್ತಾರು ವರ್ಷ ಬದುಕುತ್ತಾರೆ, ಇನ್ನೊಬ್ಬರು ಎರಡೇ ವರ್ಷಕ್ಕೆ ತೀರಿಕೊಳ್ಳುತ್ತಾರೆ. ಇದನ್ನು ಕಾಣದ ಕ್ಯಾನ್ಸರ್ ವೈದ್ಯರಿಲ್ಲ.

ಈ ವ್ಯತ್ಯಾಸದ ಸುಳಿವನ್ನು ರಕ್ತದಲ್ಲಿ ಹುಡುಕುವ ಕೆಲಸ ಹೊಸದೇನಲ್ಲ. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಯಲ್ಲಿ ಸಿಇಎ ಎಂಬ ಪ್ರೋಟೀನನ್ನು ಗುರುತಿಸಿದರು. ಆಪರೇಷನ್ ಆದವರಲ್ಲಿ ರೋಗ ಮರುಕಳಿಸಿದೆಯೇ ಎಂದು ನೋಡಲು ಇಂದಿಗೂ ಅದನ್ನು ಅಳೆಯುತ್ತಾರೆ. ಸಿಇಎ ಗಡ್ಡೆಯ ಸುದ್ದಿ ತರುತ್ತದೆ. ಗಡ್ಡೆಯನ್ನು ಹೊತ್ತ ದೇಹ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಆ ಸುದ್ದಿ ಇರುವುದು ರಕ್ತದಲ್ಲಿ ಓಡಾಡುವ ಸಣ್ಣ ಅಣುಗಳಲ್ಲಿ: ಸಕ್ಕರೆ, ಅಮೈನೊ ಆಮ್ಲ, ಕೊಬ್ಬಿನ ತುಣುಕು, ವಿಟಮಿನ್. ಚಯಾಪಚಯದ ಈ ಪದಾರ್ಥಗಳನ್ನು ಮೆಟಬೊಲೈಟ್ ಎನ್ನುತ್ತಾರೆ. ಗಡ್ಡೆಯ ಜೀವಕೋಶಗಳು ಆಮ್ಲಜನಕ ಸಾಕಷ್ಟಿದ್ದರೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ ಎಂದು ಆಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. 2012ರಲ್ಲಿ ಇಟಲಿಯ ಫ್ಲಾರೆನ್ಸಿನ ಇವಾನೊ ಬೆರ್ಟಿನಿ ಮತ್ತು ಸಂಗಡಿಗರು, ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದ ಡೆನ್ಮಾರ್ಕಿನ 153 ರೋಗಿಗಳ ಸೀರಮ್ಮನ್ನು ಅಣುಗಳನ್ನು ಗುರುತಿಸುವ ಎನ್‌ಎಂಆರ್ ಯಂತ್ರದಲ್ಲಿಟ್ಟು ನೋಡಿದರು. ಇಂಥ ಅಣುಗಳ ಒಟ್ಟು ವಿನ್ಯಾಸವೊಂದರಿಂದಲೇ ಹೆಚ್ಚು ಕಾಲ ಬದುಕಿದವರ ಗುಂಪನ್ನೂ ಬೇಗ ತೀರಿಕೊಂಡವರ ಗುಂಪನ್ನೂ ಬೇರ್ಪಡಿಸಲು ಸಾಧ್ಯವಾಯಿತು.

ಈ ಬಗೆಯ ಅಧ್ಯಯನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದ ಪಾಡು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಿಂದ ಬರುವಂಥದು. ದೇಹದೊಳಗೆ ಉರಿಯೂತ ಹೊತ್ತಿಕೊಂಡರೆ ಕಿಣ್ವವೊಂದು ಚುರುಕಾಗಿ ಟ್ರಿಪ್ಟೊಫಾನನ್ನು ಕೈನುರೆನಿನ್ ಆಗಿ ಮಾರ್ಪಡಿಸುತ್ತದೆ. ಗಡ್ಡೆಯ ಮೇಲೆ ಬೀಳಬೇಕಾದ ಟಿ ಕೋಶಗಳನ್ನು ಕೈನುರೆನಿನ್ ಮಂಕಾಗಿಸುತ್ತದೆ. ಜೊತೆಗೆ ರಕ್ತದಲ್ಲಿ ಬಿ6 ವಿಟಮಿನ್ನಿನ ಮಟ್ಟವೂ ಇಳಿಯುತ್ತದೆ. ಬಿ6 ಕಡಿಮೆ ಇದ್ದ ಕರುಳಿನ ಕ್ಯಾನ್ಸರ್ ರೋಗಿಗಳು ಬದುಕುಳಿಯುವುದು ಕಡಿಮೆ ಎಂದು ಯುರೋಪ್, ಅಮೆರಿಕದ ರೋಗಿಗಳ ಅಧ್ಯಯನಗಳು ಹೇಳಿದಾಗ, ಊಟದ ಕೊರತೆ ಎಂದುಕೊಳ್ಳುವುದು ಸಹಜ. ಆದರೆ ಚೆನ್ನಾಗಿ ಉಂಡವರಲ್ಲೂ ಉರಿಯೂತವೇ ಅದನ್ನು ಖರ್ಚು ಮಾಡುತ್ತಿರಬಹುದು.

ಅಂದರೆ ಬದುಕಿನ ಅವಧಿಯನ್ನು ಸೂಚಿಸುವ ಈ ಅಣುಗಳಲ್ಲಿ ಬಹಳಷ್ಟು ಮಾತಾಡುತ್ತಿರುವುದು ಉರಿಯೂತದ ಬಗ್ಗೆ, ಕರಗುತ್ತಿರುವ ಸ್ನಾಯುಗಳ ಬಗ್ಗೆ. ಇದನ್ನು ತಿಳಿಯಲು ಕೋಟಿಗಟ್ಟಲೆ ಬೆಲೆಯ ಯಂತ್ರವೇ ಬೇಕೆಂದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಡೊನಾಲ್ಡ್ ಮೆಕ್‌ಮಿಲನ್ ಮತ್ತವರ ಬಳಗ ರೂಪಿಸಿದ ಅಂಕಪದ್ಧತಿಗೆ ಎರಡು ಸಾಧಾರಣ ಪರೀಕ್ಷೆ ಸಾಕು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಒಂದು ಅಂಕ, ಅದರ ಜೊತೆ ಆಲ್ಬುಮಿನ್ 35 ಗ್ರಾಮಿಗಿಂತ ಕೆಳಗಿದ್ದರೆ ಎರಡು. ಇವು ಮೆಟಬೊಲೈಟುಗಳಲ್ಲ, ಯಕೃತ್ತು ಮಾಡುವ ಪ್ರೋಟೀನುಗಳು. ಆದರೆ ಕತೆ ಅದೇ. ಉರಿಯೂತ ಎದ್ದಾಗ ಯಕೃತ್ತು ಆಲ್ಬುಮಿನ್ ತಯಾರಿ ತಗ್ಗಿಸಿ ಸಿಆರ್‌ಪಿ ತಯಾರಿ ಹೆಚ್ಚಿಸುತ್ತದೆ. ಅದಕ್ಕೆ ಬೇಕಾದ ಅಮೈನೊ ಆಮ್ಲಗಳು ತೋಳು ತೊಡೆಗಳ ಸ್ನಾಯುಗಳಿಂದ ಕರಗಿ ಬರುತ್ತವೆ. ಸ್ಟೇಜು ಒಂದೇ ಆಗಿದ್ದರೂ ಅಂಕ ಏರಿದಂತೆ ಬದುಕುಳಿಯುವ ಸಂಭವ ಇಳಿಯುತ್ತದೆ.

ಸೂಚಕ ಸಿಕ್ಕಿತೆಂದ ಮಾತ್ರಕ್ಕೆ ಮದ್ದು ಸಿಕ್ಕಿದಂತಲ್ಲ. ವಿಟಮಿನ್ ಡಿ ಇದಕ್ಕೆ ಸಾಕ್ಷಿ. ಬಾಸ್ಟನ್ನಿನ ಡೇನಾ ಫಾರ್ಬರ್ ಸಂಸ್ಥೆಯ ಕಿಮ್ಮಿ ಎಂಗ್ ಮತ್ತು ಸಂಗಡಿಗರು 2008ರಲ್ಲಿ 304 ರೋಗಿಗಳ ಅಧ್ಯಯನ ಪ್ರಕಟಿಸಿದರು. ರಕ್ತದಲ್ಲಿ ವಿಟಮಿನ್ ಡಿ ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದ್ದರು. ಹಾಗಾದರೆ ಮಾತ್ರೆ ಕೊಟ್ಟರೆ ಆಯಸ್ಸು ಬೆಳೆಯುತ್ತದೆಯೇ? ಅದೇ ತಂಡ ಕೀಮೊ ಜೊತೆ ಹೆಚ್ಚಿನ ಡೋಸ್ ಕೊಟ್ಟು ನೋಡಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ, ರೋಗ ಉಲ್ಬಣಿಸದೆ ಕಳೆದ ಅವಧಿ 13 ತಿಂಗಳು. ಸಾಮಾನ್ಯ ಡೋಸ್ ಪಡೆದವರಲ್ಲಿ 11. ಇದ್ದವರು 139 ಮಂದಿ ಮಾತ್ರ, ವ್ಯತ್ಯಾಸ ಖಚಿತ ಎನ್ನುವಷ್ಟಿರಲಿಲ್ಲ. ಆಮೇಲಿನ ದೊಡ್ಡ ಪ್ರಯೋಗ ಸೋಲಾರಿಸ್‌ನಲ್ಲಿ ಆ ಲಾಭವೂ ಉಳಿಯಲಿಲ್ಲ. ಮೈಯಲ್ಲಿ ಶಕ್ತಿಯಿದ್ದು ಬಿಸಿಲಿಗೆ ಹೋಗಿ ಓಡಾಡಬಲ್ಲವರಿಗೆ ವಿಟಮಿನ್ ಡಿ ಹೆಚ್ಚಿರುವುದು ಸಹಜವೇ. ಆದ್ದರಿಂದ ರಿಪೋರ್ಟಿನಲ್ಲಿ ಯಾವುದೋ ಒಂದು ಅಂಶ ಕಡಿಮೆ ಕಂಡಿತೆಂದು ಅದರ ಮಾತ್ರೆಗೆ ದುಡ್ಡು ಸುರಿಯಬೇಡಿ ಎಂದು ರೋಗಿಗಳ ಮನೆಯವರಲ್ಲಿ ಕೇಳಿಕೊಳ್ಳುತ್ತೇನೆ. ಚಿಕಿತ್ಸೆಗೇ ಹೊಲ ಅಡವಿಟ್ಟವರ ದುಡ್ಡು ಅದು.

ಗ್ಲಾಸ್ಗೊ, ಡೆನ್ಮಾರ್ಕ್, ಬಾಸ್ಟನ್ನಿನ ಈ ಅಂಕಿಗಳನ್ನು ನಮ್ಮವರಿಗೆ ನೇರವಾಗಿ ಅಂಟಿಸುವಂತೆಯೂ ಇಲ್ಲ. ಕ್ಷಯ ಇದ್ದರೂ ಸಿಆರ್‌ಪಿ ಏರುತ್ತದೆ. ವಿಟಮಿನ್ ಡಿ ಕೊರತೆ ಇಲ್ಲಿ ಆರೋಗ್ಯವಂತರಲ್ಲೂ ವ್ಯಾಪಕ. ತೆಗೆದ ರಕ್ತ ಹಾಗೇ ಉಳಿದರೆ ಅದರೊಳಗಿನ ಕೆಂಪುಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗ್ಲುಕೋಸ್ ಇಳಿದು ಲ್ಯಾಕ್ಟೇಟ್ ಏರುತ್ತದೆ. ತಾಲ್ಲೂಕಿನಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಜಿಲ್ಲಾ ಕೇಂದ್ರ ಸೇರುವಷ್ಟರಲ್ಲಿ ಆ ಅಂಕಿಗಳೇ ಬದಲಾಗಿರಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದಲೂ ಯಾರಿಗೆ ಯಾವ ಕ್ಯಾನ್ಸರ್ ಎಂದು ದಾಖಲಿಸುತ್ತ ಬಂದಿದೆ. ಅಂಥ ದಾಖಲೆಯ ಪಕ್ಕದಲ್ಲಿ ನಮ್ಮ ರೋಗಿಗಳ ತೂಕ, ಆಲ್ಬುಮಿನ್, ಸಿಆರ್‌ಪಿ ಇದ್ದರೆ ನಮ್ಮದೇ ಮಿತಿಗಳನ್ನು ಗೊತ್ತುಮಾಡಿಕೊಳ್ಳಬಹುದು.

ಆದರೆ ಅದಕ್ಕೆ ಕಾಯಬೇಕಿಲ್ಲದ ಕೆಲಸವೊಂದಿದೆ: ರೋಗಿಯ ಪೋಷಣೆ. ಬರೀ ಆಲ್ಬುಮಿನ್ ನೋಡಿ ಪೌಷ್ಟಿಕತೆ ಅಳೆಯಲಾಗದು. ಆರು ತಿಂಗಳಲ್ಲಿ ಎಷ್ಟು ಕೆಜಿ ಇಳಿದಿರಿ, ದಿನಕ್ಕೆ ಎಷ್ಟು ಹೊತ್ತಿನ ಊಟ ಮಾಡುತ್ತೀರಿ ಎಂದು ಕೇಳಬೇಕು. ಪೌಷ್ಟಿಕತೆ ತೀರಾ ಕುಸಿದವರಿಗೆ ದೊಡ್ಡ ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಪೋಷಣೆ ಕೊಡಿ, ಕ್ಯಾನ್ಸರ್ ಆಪರೇಷನ್ ಅಷ್ಟು ತಡವಾದರೂ ಸರಿ ಎಂದು ಯುರೋಪಿನ ಪೋಷಣಾ ತಜ್ಞರ ಸಂಘಟನೆ ಎಸ್ಪೆನ್ ಹೇಳಿದೆ. ದಾಖಲಾದ ದಿನವೇ ಡಯಟೀಷಿಯನ್ ಒಬ್ಬರು ಮಂಚದ ಬಳಿ ಬಂದು ವಿಚಾರಿಸುವ ಏರ್ಪಾಡು ನಮ್ಮ ಪ್ರತಿ ಕ್ಯಾನ್ಸರ್ ವಾರ್ಡಿನಲ್ಲೂ ಆಗಬೇಕು.