ಹಳೆಯ ಮೋಟಾರು ಮತ್ತು ದೂರದ ದಾರಿ

ನಮ್ಮ ವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮನೆಗಳಲ್ಲಿ ಇಂದು ಒಂದೇ ಬಗೆಯ ಚರ್ಚೆ ನಡೆದಿದೆ. ತಂದೆಯವರು ಕೊಂಡಿದ್ದ ಅಂಬಾಸಡರೋ ಫಿಯಟ್ಟೋ ಅಂಗಳದ ಮೂಲೆಯಲ್ಲಿ ನಿಂತಿದೆ. ಗುಜರಿಗೆ ಕೊಡಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಮೇಲೊಂದು ಹೊದಿಕೆ ಹೊದಿಸಿ, ಆಯುಧಪೂಜೆಯ ದಿನ ಹೂಮಾಲೆ ಹಾಕಿ, ಉಳಿದ ದಿನಗಳಲ್ಲಿ ಮರೆತುಬಿಡುವುದು ರೂಢಿಯಾಗಿದೆ. ಇಂಥ ವಾಹನವನ್ನು ವರ್ಷಕ್ಕೊಮ್ಮೆಯಾದರೂ ದೂರದ ಪ್ರಯಾಣಕ್ಕೆ ಒಯ್ಯಲೇಬೇಕು. ಆದರೆ ದಾರಿ, ವೇಳೆ, ವೇಗಗಳನ್ನು ನಿಶ್ಚಯಿಸುವ ಅಧಿಕಾರವನ್ನು ಅದರ ವಯಸ್ಸಿಗೇ ಬಿಟ್ಟುಕೊಡಬೇಕು ಎಂಬುದು ನನ್ನ ಅಭಿಮತ. ವ್ಯಾಕರಣ ಛಂದಸ್ಸುಗಳಲ್ಲಿ ಆಯುಷ್ಯ ಕಳೆದವನಿಗೆ ಯಂತ್ರದ ಗೊಡವೆ ಏಕೆ ಎಂದು ಸಹೋದ್ಯೋಗಿಗಳು ಕೇಳಿಯಾರು. ನಾನು ಹುಟ್ಟಿದ ಊರು ತ್ರಾಸಿ. ಹೆದ್ದಾರಿಯ ಅಂಚಿನಲ್ಲಿ ಬೆಳೆದವನಿಗೆ ಮೋಟಾರಿನ ಸದ್ದು ಕಡಲಿನ ಮೊರೆತದಷ್ಟೇ ಪರಿಚಿತವಾದುದು.

ಕುಂದಾಪುರದಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರು ಬಂದರೆ ತ್ರಾಸಿ. ಗಂಗೊಳ್ಳಿಯ ದಾರಿ ಹೆದ್ದಾರಿಯಿಂದ ಕವಲೊಡೆಯುವುದು ಇಲ್ಲಿಯೇ. ಇದಕ್ಕೆ ತಗುಲಿದಂತೆಯೇ ಮರವಂತೆ: ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಸೇತುವೆಗಳಿಲ್ಲದ ಕಾಲದಲ್ಲಿ ಕರಾವಳಿಯ ಪಯಣಿಗರು ಹೊಳೆಗೊಮ್ಮೆ ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆಯ ದಡದಲ್ಲಿ ಇನ್ನೊಂದು ಬಸ್ಸನ್ನು ಹತ್ತುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಬಾಲ್ಯದಲ್ಲಿ ಇದು 17ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. 2010ರಲ್ಲಿ ಸಂಖ್ಯೆಗಳು ಬದಲಾಗಿ 66 ಆಯಿತು. ಈಗ ಚತುಷ್ಪಥವಾಗಿದೆ. ಮುಪ್ಪಿನ ವಾಹನಕ್ಕೆ ಅಗಲವಾದ ರಸ್ತೆ ಹಿತವೆಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುತಃ ಹಿಂದಿನಿಂದ ಬರುವವರ ವೇಗವು ಇಮ್ಮಡಿಯಾದಾಗ ನಿಧಾನವಾಗಿ ಹೋಗುವವನೇ ಅಪರಾಧಿಯಂತೆ ಕಾಣುತ್ತಾನೆ.

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ತಂದೆಯ 1978ರ ಅಂಬಾಸಡರ್ ಮಾರ್ಕ್ 3 ಕಾರಿನಲ್ಲಿ ನನ್ನನ್ನು ಊರಿಗೆ ಕರೆತಂದರು. ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಕುಮಟಾ, ಹೊನ್ನಾವರ, ಭಟ್ಕಳ, ಬೈಂದೂರು. ಒಟ್ಟು ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕ ಹಾದಿ. ಹೊಸ ಕಾರಿನವರು ಐದಾರು ಗಂಟೆಗಳಲ್ಲಿ ಕ್ರಮಿಸುವ ಈ ದೂರಕ್ಕೆ ನಮಗೆ ಇಡೀ ಹಗಲು ಬೇಕಾಯಿತು. ನಾವು ನಸುಕಿನಲ್ಲಿ ಹೊರಟಿದ್ದೆವು. ಹಳೆಯ ಕಾರಿನ ಮುಂದೀಪಗಳ ಮಂಕು ಬೆಳಕಿನಲ್ಲಿ ರಾತ್ರಿ ಘಟ್ಟ ಇಳಿಯುವುದು ಸಾಹಸವಲ್ಲ, ಅವಿವೇಕ. ಅಂಕೋಲೆ ತಾಲೂಕಿನ ಶಿರೂರನ್ನು ದಾಟುವಾಗ (ಬೈಂದೂರಿನ ಹತ್ತಿರದ ಶಿರೂರು ಬೇರೆ, ಹೆಸರೊಂದೇ ಎಂದು ಮೋಸಹೋಗಬಾರದು) ಇಬ್ಬರೂ ಮೌನವಾದೆವು. 2024ರ ಜುಲೈ 16ರಂದು ಗುಡ್ಡವು ಹೆದ್ದಾರಿಯ ಮೇಲೆಯೇ ಕುಸಿದು, ಲಾರಿಯನ್ನೂ ಮನುಷ್ಯರನ್ನೂ ಗಂಗಾವಳಿಗೆ ತಳ್ಳಿದ ಸ್ಥಳವದು. ಮಳೆಗಾಲದ ನಾಲ್ಕು ತಿಂಗಳು ಇಂಥ ಪ್ರಯಾಣವನ್ನು ಮನಸ್ಸಿನಲ್ಲಿಯೂ ತರಬಾರದು.

ಘಟ್ಟ ಇಳಿಯುವ ಕ್ರಮವನ್ನು ಇಲ್ಲಿ ಹೇಳಬೇಕು. ಆ ಕಾಲದ ಅಂಬಾಸಡರಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ತುಳಿಯುತ್ತಲೇ ಇಳಿದರೆ ಡ್ರಮ್ಮು ಕಾದು ಹಿಡಿತ ಸಡಿಲುತ್ತದೆ. ಆದುದರಿಂದ ಎಂಜಿನ್ನಿನ ತಡೆಯನ್ನೇ ನೆಚ್ಚಿ, ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು. ಹಳಬರಿಗೆ ಇದು ಗಾದೆಯಂತೆ ಕಂಠಸ್ಥವಾಗಿತ್ತು. ಏರುವಾಗಿನ ಕಷ್ಟ ಬೇರೆಯದು. ಮರುಪ್ರಯಾಣದಲ್ಲಿ ಅರಬೈಲಿನ ನಡುವೆ ಉರಿಬಿಸಿಲಿಗೆ ಕಾರು ನಿಂತೇಬಿಟ್ಟಿತು. ಶಿಷ್ಯರು ಕಂಗಾಲಾಗಿ ಮೊಬೈಲಿನಲ್ಲಿ ನೆರವು ಹುಡುಕುತ್ತಿರುವಾಗ ಹುಬ್ಬಳ್ಳಿಯ ಕಡೆಯ ಲಾರಿ ಚಾಲಕರೊಬ್ಬರು ತಾವಾಗಿ ನಿಲ್ಲಿಸಿ, ಬಾನೆಟ್ಟಿನೊಳಗೆ ಇಣುಕಿ, “ಗಾಡಿಗೆ ಏನೂ ಆಗಿಲ್ರೀ ಸರ, ಪೆಟ್ರೋಲು ಆವಿ ಆಗೇದ. ಅರ್ಧ ತಾಸು ನೆಳ್ಳಾಗ ನಿಲ್ಲಸ್ರಿ,” ಎಂದು, ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹೋದರು. ಅರ್ಧ ತಾಸಿನ ಬಳಿಕ ಕಾರು ತಾನೇ ಹೊರಟಿತು. ಕೊಳವೆಯೊಳಗಿನ ಪೆಟ್ರೋಲು ಶಾಖಕ್ಕೆ ಆವಿಯಾದರೆ ಪಂಪು ದ್ರವವನ್ನು ಎಳೆಯಲಾರದು, ತಣಿದರೆ ಎಳೆಯುತ್ತದೆ. ಯಾವ ಬಿಡಿಭಾಗವೂ ಬೇಕಾಗಲಿಲ್ಲ. ಬೇಕಾದುದು ಅರಿತ ಒಬ್ಬ ಮನುಷ್ಯ ಮತ್ತು ಕಾಯುವ ತಾಳ್ಮೆ.

ಹಳೆಯ ಕಾರನ್ನು ಮೂಲರೂಪದಲ್ಲಿಯೇ ಇಡಬೇಕೆನ್ನುವ ಶುದ್ಧವಾದಿಗಳು ಒಂದು ಕಡೆ, ಒಳಗೆಲ್ಲ ಹೊಸತು ತುಂಬಿ ಹೊರಕವಚ ಮಾತ್ರ ಉಳಿಸುವವರು ಇನ್ನೊಂದು ಕಡೆ. ತಾಳೆಗರಿಯ ಗ್ರಂಥ ಸಂಪಾದಿಸುವವರಲ್ಲಿಯೂ ಈ ಎರಡು ಪಕ್ಷಗಳುಂಟು. ನನಗೆ ಎರಡೂ ಒಪ್ಪಿಗೆಯಿಲ್ಲ. ಆ 1489 ಸಿ.ಸಿ. ಎಂಜಿನ್ನನ್ನು ಕಿತ್ತು ಜಪಾನಿನದನ್ನು ಕೂರಿಸಿದರೆ ಉಳಿಯುವುದು ಅಂಬಾಸಡರಿನ ಹೆಸರಷ್ಟೆ. ಆದರೆ ಅಂದು ಇರಲಿಲ್ಲವೆಂಬ ಕಾರಣಕ್ಕೆ ಸೀಟ್ ಬೆಲ್ಟ್ ಹಾಕಿಸದೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗಿಳಿಯುವುದು ಪರಂಪರೆಯ ಗೌರವವಾಗಲಾರದು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ. ಕೊಳವೆ, ವಾಷರುಗಳನ್ನು ಅದನ್ನು ತಾಳಬಲ್ಲವುಗಳಿಗೆ ಬದಲಿಸಿಯೇ ಹೊರಡಬೇಕು. ಪಾಠವನ್ನು ತಿದ್ದಬಾರದು, ಹರಿದ ಗರಿಗೆ ದಾರ ಹಾಕಬಹುದು.

ಇನ್ನು ಕಾನೂನು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನೋಂದಣಿ ನವೀಕೃತವಾಗಬೇಕು. 2022ರ ಏಪ್ರಿಲಿನಲ್ಲಿ ಇದರ ಶುಲ್ಕವನ್ನು 600 ರೂಪಾಯಿಗಳಿಂದ 5,000ಕ್ಕೆ ಏರಿಸಲಾಯಿತು. ತಪಾಸಣೆಯ ಬಗ್ಗೆ ನನಗೆ ತಕರಾರಿಲ್ಲ. ಅದು ಇನ್ನೂ ಕಟ್ಟುನಿಟ್ಟಾಗಲಿ. ಹಳೆಯ ಎಂಜಿನ್ನು ಕಿಲೋಮೀಟರಿಗೆ ಉಗುಳುವ ಹೊಗೆ ಹೊಸದಕ್ಕಿಂತ ಹೆಚ್ಚೆಂಬುದೂ ನಿಜ, ನಿತ್ಯದ ಓಡಾಟಕ್ಕೆ ಅದನ್ನು ಬಳಸಬಾರದೆಂಬ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ 2021ರ ಜುಲೈ ತಿಂಗಳಲ್ಲಿ ಬಂದ ಪರಂಪರೆಯ ವಾಹನಗಳ ನಿಯಮವನ್ನು ನೋಡಿರಿ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ಕಾರಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ವಿಶೇಷ ಫಲಕ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆ ಮಾನ ಪಡೆದ ಮೇಲೆ ಕಾರು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಇಂಧನಕ್ಕೆ ಹೊರಡಬಹುದು. ಸಾಮಾನ್ಯ ಸಂಚಾರಕ್ಕೆ ಬರುವಂತಿಲ್ಲ. ಸನ್ಮಾನಿಸಿ ಶಾಲು ಹೊದಿಸಿ ವೇದಿಕೆಯಲ್ಲಿಯೇ ಕೂರಿಸಿದಂತಾಯಿತು! ಶಿಷ್ಯರ ಕಾರಿಗೆ ಇನ್ನೂ ಐವತ್ತು ತುಂಬಿಲ್ಲ. ತುಂಬಿದ ಮೇಲೆ ಈ ಫಲಕಕ್ಕೆ ಆಸೆಪಡಬೇಡಿರೆಂದು ಅವರಿಗೆ ಹೇಳಿದ್ದೇನೆ. ತಪಾಸಣೆಯಲ್ಲಿ ಗೆದ್ದ ಪರಂಪರೆಯ ವಾಹನಕ್ಕೆ ವರ್ಷದಲ್ಲಿ ಇಂತಿಷ್ಟು ಕಿಲೋಮೀಟರು ಸ್ವಂತ ಪ್ರಯಾಣದ ಅವಕಾಶವನ್ನು ಸರ್ಕಾರ ಕೊಡಬೇಕು.

ವಸ್ತುಸಂಗ್ರಹಾಲಯಗಳನ್ನು ನಾನು ಹಳಿಯುತ್ತಿಲ್ಲ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಅದರ ಮಹತ್ವ ತಿಳಿದೇ ಇದೆ. ಆದರೆ ಊರೂರಿನ ಅಂಬಾಸಡರುಗಳಿಗೆ ಅಲ್ಲಿ ಸ್ಥಳವೆಲ್ಲಿ? ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ನಮ್ಮ ಕರಾವಳಿಯವರು ಮುಂಬಯಿಗೆ ಹೋದಾಗ ಹತ್ತುತ್ತಿದ್ದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಹಾಗೆ ನಿಂತಂತೆಲ್ಲ ಕಣ್ಮರೆಯಾಗುವುದು ಕಬ್ಬಿಣ ಮಾತ್ರವಲ್ಲ. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು, ಕಿವಿಗೊಟ್ಟು ಆಲಿಸಿ, ತಿರುಪನ್ನು ಕಾಲು ಸುತ್ತು ತಿರುಗಿಸಿ ಸರಿಪಡಿಸುವ ಮೇಸ್ತ್ರಿಗಳು ಹುಬ್ಬಳ್ಳಿಯಲ್ಲಾಗಲಿ ಕುಂದಾಪುರದಲ್ಲಾಗಲಿ ಈಗ ಅರುವತ್ತು ದಾಟಿದವರು. ಅವರ ಮಕ್ಕಳು ಕಂಪ್ಯೂಟರು ಜೋಡಿಸಿ ದೋಷ ಹುಡುಕುವವರು. ಅದು ತಪ್ಪಲ್ಲ, ಆದರೆ ಈ ಎಂಜಿನ್ನಿಗೆ ಕಂಪ್ಯೂಟರು ಜೋಡಿಸುವ ಜಾಗವೇ ಇಲ್ಲ. ಕಾರು ಓಡಿದರೆ ತಾನೇ ದುರಸ್ತಿ, ದುರಸ್ತಿಯಾದರೆ ತಾನೇ ವಿದ್ಯೆ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಗ್ಯಾರೇಜು, ಕೈಗಾರಿಕಾ ತರಬೇತಿ ಕೇಂದ್ರಗಳನ್ನು ನಡೆಸುವವರಿದ್ದಾರೆ. ಅವರು ಇಂಥ ಒಬ್ಬ ಮೇಸ್ತ್ರಿಯ ಪಕ್ಕದಲ್ಲಿ ಇಬ್ಬರು ಹುಡುಗರನ್ನು ಒಂದು ವರ್ಷ ಕೂರಿಸಿದರೆ ನೂರಾರು ಮನೆಗಳ ಅಂಗಳದ ಕಾರುಗಳಿಗೆ ದಾರಿಯಾದೀತು.

ಹೊರಡುವವರಿಗೆ ಕಡೆಯದಾಗಿ ನಮ್ಮೂರಿನ ಒಂದು ಸೂಚನೆ. ತ್ರಾಸಿ, ಮರವಂತೆಗಳಲ್ಲಿ ಕಡಲಿಗೆ ಮುಖಮಾಡಿ ಕಾರು ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಚಪಲ ಎಲ್ಲರಿಗೂ ಇರುತ್ತದೆ. ತೆಗೆದುಕೊಳ್ಳಿರಿ, ಆದರೆ ಉಪ್ಪುಗಾಳಿಯಲ್ಲಿ ರಾತ್ರಿಯಿಡೀ ಬಿಡಬೇಡಿರಿ. ಊರೊಳಗಿನ ಯಾವುದಾದರೂ ಮನೆಯ ತೆಂಗಿನ ತೋಟದಲ್ಲಿ ಕೇಳಿಕೊಂಡು ನಿಲ್ಲಿಸಿ, ಮರುದಿನ ಹೊರಡುವ ಮುನ್ನ ಬಾವಿಯ ಸಿಹಿನೀರಿನಿಂದ ಕಾರಿನ ಅಡಿಭಾಗವನ್ನು ಚೆನ್ನಾಗಿ ತೊಳೆಯಿರಿ. ನಮ್ಮವರು ನೀರಿಗೆ ಇಲ್ಲವೆನ್ನುವುದಿಲ್ಲ.