ಆಪರೇಷನ್ ಬೇಡದವರ ಪರವಾಗಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಹೊಟ್ಟೆಯ ಮಹಾಪಧಮನಿ ಒಂದು ಕಡೆ ಉಬ್ಬಿಕೊಂಡಿದೆ. ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್ ಅಗಲವಿರುವ ಆ ರಕ್ತನಾಳ 3 ದಾಟಿದರೆ ಡಾಕ್ಟರುಗಳು ಅನ್ಯೂರಿಸಂ ಎನ್ನುತ್ತಾರೆ. ನನ್ನದು 4.2. ಪಿತ್ತಕೋಶದ ಕಲ್ಲು ಹುಡುಕಲು ಹೋದ ಸ್ಕ್ಯಾನಿಂಗ್‌ನಲ್ಲಿ ಇದು ಸಿಕ್ಕಿತು. ನೋವಿರಲಿಲ್ಲ, ಸುಸ್ತಿರಲಿಲ್ಲ, ಇಂದಿಗೂ ಇಲ್ಲ.

ಸುದ್ದಿ ತಿಳಿದ ನೆಂಟರೆಲ್ಲ ಕೇಳಿದ್ದು ಒಂದೇ: "ಇನ್ನೂ ಯಾಕೆ ಆಪರೇಷನ್ ಮಾಡಿಸಿಲ್ಲ?" ಬೇಕಿಲ್ಲ, ಅದಕ್ಕೇ. ಉಬ್ಬು ಬೇಗ ಬೆಳೆಯದಿದ್ದರೆ, ನೋವು ಕಾಣಿಸದಿದ್ದರೆ, ಗಂಡಸರಿಗೆ 5.5, ಹೆಂಗಸರಿಗೆ 5 ಸೆಂಟಿಮೀಟರ್ ಆಗುವವರೆಗೆ ಕಾಯುವುದೇ ರೂಢಿ. ಅದಕ್ಕಿಂತ ಚಿಕ್ಕ ಉಬ್ಬಿಗೆ ಮೊದಲೇ ಆಪರೇಷನ್ ಮಾಡಿದರೆ ಆಯುಸ್ಸೇನೂ ಹೆಚ್ಚುವುದಿಲ್ಲವೆಂದು ಬ್ರಿಟನ್ನಿನ ಅಧ್ಯಯನವೊಂದು 1998ರಲ್ಲೇ ತೋರಿಸಿದೆ. ನಾನು ಬೀಡಿ ಬಿಟ್ಟಿದ್ದೇನೆ; ಉಬ್ಬು ಬೆಳೆಯುವ ವೇಗ ತಗ್ಗಿಸಲು ಅದಕ್ಕಿಂತ ದೊಡ್ಡ ಉಪಾಯ ಸದ್ಯಕ್ಕಿಲ್ಲ. ಬಿ.ಪಿ. ಮಾತ್ರೆ ತಪ್ಪಿಸುವುದಿಲ್ಲ. ಬೆಳಿಗ್ಗೆ ನಡೆಯುತ್ತೇನೆ, ತೋಟಕ್ಕೆ ಹೋಗುತ್ತೇನೆ, ಮೂಟೆ ಮಾತ್ರ ಎತ್ತುವುದಿಲ್ಲ. ಐನ್‌ಸ್ಟೈನ್‌ಗೂ ಇದೇ ತೊಂದರೆಯಿತ್ತು. 1948ರಲ್ಲಿ ಅವರ ಮಹಾಪಧಮನಿಗೆ ಸರ್ಜನ್ ರುಡಾಲ್ಫ್ ನಿಸ್ಸೆನ್ ಸೆಲೋಫೇನ್ ಸುತ್ತಿದರು. 1955ರಲ್ಲಿ ಅದು ಒಡೆಯುವವರೆಗೂ ಅವರು ತಮ್ಮ ಕೆಲಸ ಮಾಡುತ್ತಲೇ ಇದ್ದರು. ಇಂದು ಹೊಟ್ಟೆ ಸೀಳದೆ, ತೊಡೆಯ ರಕ್ತನಾಳದ ಮೂಲಕವೇ ಒಳಗೆ ಸ್ಟೆಂಟ್ ಕೂರಿಸುವ ವಿದ್ಯೆಯಿದೆ. ಆದರೆ ಒಡೆದ ಮೇಲೆ ಆಸ್ಪತ್ರೆ ಮುಟ್ಟುವ ಮೊದಲೇ ಸಾಯುವವರು ಬಹಳ. ಹಾಗಾಗಿ ಕಾಲಕಾಲಕ್ಕೆ ಅಳೆದು ನೋಡುವುದು ನಮ್ಮಂಥವರಿಗೆ ಕಾಟಾಚಾರವಲ್ಲ, ಅದೇ ಚಿಕಿತ್ಸೆ.

ಆ ಚಿಕಿತ್ಸೆ ನನಗೆ ಸಿಗುತ್ತಿರುವುದು ನಾನು ನಗರದಲ್ಲಿರುವುದರಿಂದ. ಇಲ್ಲಿಯೂ ಒಂದು ಕಡೆ 4.2 ಎಂದು ಬರೆದುಕೊಟ್ಟರೆ, ಇನ್ನೊಂದು ಕಡೆ ಅಳತೆಯನ್ನೇ ಹಾಕದೆ "ಸ್ವಲ್ಪ ಹಿಗ್ಗಿದೆ" ಎಂದಷ್ಟೇ ಬರೆದರು. ಕೆಲವೇ ಮಿಲಿಮೀಟರ್‌ಗಳ ಮೇಲೆ ತೀರ್ಮಾನ ನಿಂತಿರುವಾಗ ಇದು ಸಲ್ಲದು. ಪ್ರತಿ ಸಲವೂ ಒಂದೇ ವಿಧಾನದಲ್ಲಿ ಅಳೆದು, ಅಂಕಿಯನ್ನು ರೋಗಿಯ ಕೈಗೇ ಬರೆದುಕೊಡಬೇಕೆಂದು ತಾವು ಸುತ್ತೋಲೆ ಹೊರಡಿಸಬೇಕು. ಔಷಧಿಯ ವಿಷಯದಲ್ಲೂ ಎಚ್ಚರ ಬೇಕು: ಮೆಡಿಕಲ್ ಶಾಪ್‌ಗಳಲ್ಲಿ ಚೀಟಿಯಿಲ್ಲದೆ ಸಿಗುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳನ್ನು ಬೇರೆ ದಾರಿಯಿದ್ದಾಗ ಇಂಥ ರೋಗಿಗಳಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ನನಗೆ ಈ ಮಾತನ್ನು ಯಾವ ಅಂಗಡಿಯವರೂ ಹೇಳಲಿಲ್ಲ.

ಇಂಗ್ಲೆಂಡಿನಲ್ಲಿ 65 ತುಂಬುವ ಗಂಡಸರನ್ನೆಲ್ಲ ಸರ್ಕಾರವೇ ಕರೆದು ಒಮ್ಮೆ ಹೊಟ್ಟೆ ಸ್ಕ್ಯಾನ್ ಮಾಡುತ್ತದೆ. ನಾವು ಅಷ್ಟು ಕೇಳುತ್ತಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಬಿ.ಪಿ., ಶುಗರ್ ನೋಡಲು ಮನೆಗೆ ಬರುವವರು ಇನ್ನೆರಡು ಪ್ರಶ್ನೆ ಕೇಳಲಿ: ಬೀಡಿ ಸಿಗರೇಟು ಸೇದಿದ್ದೀರಾ? ಮನೆತನದಲ್ಲಿ ಯಾರಿಗಾದರೂ ಈ ಉಬ್ಬು ಇದೆಯೇ? ಹೌದೆಂದ 65 ದಾಟಿದ ಗಂಡಸರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನ್ ಉಚಿತವಾಗಿ ಆಗಲಿ.

ನನ್ನ ತಮ್ಮನಿಗೆ ಅರವತ್ತಾರು. ಈಗಲೂ ಬೀಡಿ ಸೇದುತ್ತಾನೆ. ಅಣ್ಣನಾದ ನನಗೆ ಈ ಉಬ್ಬು ಇರುವುದರಿಂದ ಅವನಿಗೂ ಅಪಾಯ ಹೆಚ್ಚು. ಅವನ ತಾಲ್ಲೂಕಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇದೆ, ನೋಡುವ ಡಾಕ್ಟರಿಲ್ಲ. ಮೊದಲು ಆ ಹುದ್ದೆಗಳನ್ನು ತುಂಬಿಸಿಕೊಡಿ.

ಇತಿ,
ತಮ್ಮ ರಾಜ್ಯದ ಒಬ್ಬ ಹಿರಿಯ ನಾಗರಿಕ